ಕಣಕ ಹರಿಯುವ ಮೊದಲು

ನನ್ನ ಕೆಲಸ ಗೆರೆ ಎಳೆಯುವುದು. ಲೀಡ್ಸಿನ ಒಂದು ಆಫೀಸಿನಲ್ಲಿ ದೊಡ್ಡ ಪರದೆಯ ಮುಂದೆ ಕೂತು, ಭೂಖಂಡ ಎಲ್ಲಿ ಮುಗಿಯಿತು, ಕಡಲಿನ ಸ್ವಂತ ತಳ ಎಲ್ಲಿಂದ ಶುರುವಾಯಿತು ಎಂದು ಗುರುತು ಮಾಡುತ್ತೇನೆ. ಹಡಗುಗಳು ನೀರಿನೊಳಗೆ ದೊಡ್ಡ ಸದ್ದು ಮಾಡುತ್ತವೆ. ಆ ಸದ್ದು ತಳಕ್ಕೂ ತಳದ ಕೆಳಗಿನ ಪದರಗಳಿಗೂ ತಾಗಿ ವಾಪಸು ಬರುತ್ತದೆ. ವಾಪಸು ಬಂದದ್ದನ್ನು ಚಿತ್ರ ಮಾಡಿ ನನ್ನಂಥವರಿಗೆ ಕಳಿಸುತ್ತಾರೆ. ನೆಲ ಸಮುದ್ರದ ದಂಡೆಯಲ್ಲಿ ಮುಗಿದುಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ, ಹಾಗೇನಿಲ್ಲ. ನೀರಿನ ಅಡಿಯಲ್ಲಿ ಇನ್ನೂ ಎಷ್ಟೋ ದೂರ, ತೆಳ್ಳಗಾಗುತ್ತ, ಕುಸಿಯುತ್ತ, ಅದೇ ನೆಲ ಮುಂದುವರಿಯುತ್ತದೆ. ಆಮೇಲೆ ಒಂದು ಜಾಗ ಬರುತ್ತದೆ. ಅದನ್ನು ನೆಲ ಎನ್ನಲೂ ಆಗದು, ಕಡಲು ಎನ್ನಲೂ ಆಗದು. ಅಲ್ಲಿ ನಾವು ಚುಕ್ಕೆಗೆರೆ ಹಾಕುತ್ತೇವೆ. ಆ ಚುಕ್ಕೆಗೆರೆಯ ವಿಷಯದಲ್ಲಿ ಆಫೀಸಿನಲ್ಲಿ ನನ್ನಷ್ಟು ಜಗಳ ಮಾಡುವವರು ಯಾರೂ ಇಲ್ಲ.

ಜಗಳ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಉಡುಪಿಯ ಹತ್ತಿರ ಬ್ಯಾಂಕಿನಲ್ಲಿದ್ದರು, ಬಿಡುವಿದ್ದಾಗಲೆಲ್ಲ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಎದುರುಬದುರು ಕೂತು ಪುರಾಣದ ಪಾತ್ರಗಳಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದ ಹಾಕುವುದು. ಒಬ್ಬ ಚೆನ್ನಾಗಿ ಮಾತಾಡಿದನೆಂದರೆ ಅವನಿಗೆ ಸಲ್ಲುವ ಮರ್ಯಾದೆ ಚಪ್ಪಾಳೆಯಲ್ಲ, ಎದುರಿನವನು ಹಾಕುವ ಗಟ್ಟಿಯಾದ ಆಕ್ಷೇಪ. ಅಪ್ಪ ಮನೆಯಲ್ಲಿ ಊಟಕ್ಕೆ ಕೂತಾಗಲೂ ಹಾಗೆಯೇ. ನಾನು ಏನಾದರೂ ಹೇಳಿದರೆ ಸಾಕು, “ಹಾಗಾದರೆ ನನ್ನದೊಂದು ಪ್ರಶ್ನೆ” ಎಂದು ಶುರು ಮಾಡುತ್ತಿದ್ದರು. ನಾನು ತಿರುಗಿ ಉತ್ತರ ಕೊಟ್ಟರೆ ಅವರ ಮುಖ ಅರಳುತ್ತಿತ್ತು. ಪ್ರೀತಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡು ನಾನು ದೊಡ್ಡವಳಾದೆ.

ನನ್ನ ಮಗಳಿಗೆ ಹದಿನೈದು. ನಾವು ಮನೆ ಮಾಡಿರುವ ಸ್ಟಾಕ್‌ಪೋರ್ಟಿನಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿನ ನಮ್ಮವರ ಮಕ್ಕಳೆಲ್ಲ ಹಾಗೆಯೇ, ಅದಕ್ಕೆ ಯಾರೂ ಈಗ ಎದೆ ಬಡಿದುಕೊಳ್ಳುವುದಿಲ್ಲ. ನಾನೂ ಬಡಿದುಕೊಂಡಿರಲಿಲ್ಲ. ಆದರೆ ಒಳಗೊಳಗೆ ಅದೊಂದು ಸಂಕಟ ಇದ್ದೇ ಇತ್ತು. ಬಿಡಿ ಮಾತು ಅವಳ ಬಾಯಲ್ಲಿ ಬರುತ್ತಿತ್ತು, ‘ಎಂತ’, ‘ಉಂಟು’, ‘ಸಾಕು’. ಅಷ್ಟಕ್ಕೇ ನನಗೆ ಆ ದಿನ ಹಬ್ಬ.

ಈ ವರ್ಷ ಯುಗಾದಿಗೆ ಮುಂಚೆ ಅವಳು ತಾನಾಗಿಯೇ ಬಂದು ಹೇಳಿದಳು: ಇಲ್ಲಿನ ಕನ್ನಡ ಸಂಘದ ಹಬ್ಬದಲ್ಲಿ ತಾನೊಂದು ಮಾತಾಡುತ್ತೇನೆ, ಕನ್ನಡದಲ್ಲಿ ಮಾತಾಡುತ್ತೇನೆ, ಸಮುದ್ರ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ. ಹೇಳಿದ್ದು ಇಂಗ್ಲಿಷಿನಲ್ಲೇ. ನಾನು ಹಿಗ್ಗಿ ಹೀರೇಕಾಯಿ ಆದೆ. ನನ್ನ ಬಳಿ ಚಿತ್ರಗಳಿವೆ, ಸ್ಲೈಡುಗಳಿವೆ, ಕೊಡುತ್ತೇನೆ ಎಂದೆ. ಬೇಡ ಎಂದಳು. ಬರೆದದ್ದನ್ನು ಒಮ್ಮೆ ಓದಲೇ ಎಂದೆ. ಬೇಡ, ನೀನು ಬಂದು ಕೂತು ಕೇಳು, ಅಷ್ಟೇ ಸಾಕು ಎಂದಳು. ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಶನಿವಾರಗಳಲ್ಲಿ ರೈಲು ಹತ್ತಿ ಹಡರ್ಸ್‌ಫೀಲ್ಡಿಗೆ, ಕಾಕುವಿನ ಮನೆಗೆ ಹೋಗುತ್ತಿದ್ದಳು.

ಕಾಕು ಧಾರವಾಡದವರು, ಆ ಕಡೆ ಕಾಕು ಎಂದರೆ ಚಿಕ್ಕಮ್ಮ. ನಮಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಆದರೆ ಈ ಕಡೆಯ ಕನ್ನಡದವರಿಗೆಲ್ಲ ಅವರು ಕಾಕುವೇ. ಯುಗಾದಿಯ ಹೋಳಿಗೆ ಅವರ ಕೈಯದೇ ಆಗಬೇಕು. ನನ್ನ ಗಂಡ ಬೆಂಗಳೂರಿನವರು. ಅದನ್ನು ಒಬ್ಬಟ್ಟು ಎಂದು ಕರೆದು ಪ್ರತಿ ವರ್ಷ ಕಾಕುವಿನ ಬಾಯಿಂದ ಬೈಸಿಕೊಳ್ಳುತ್ತಾರೆ, ಬೈಸಿಕೊಂಡು ಇನ್ನೊಂದು ಹಾಕಿಸಿಕೊಳ್ಳುತ್ತಾರೆ. ಮಗಳು ಅವರ ಮನೆಗೆ ಅಡುಗೆ ಕಲಿಯಲು ಹೋಗುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಈ ಸಲ ಮಿಡ್‌ಲ್ಯಾಂಡ್ಸ್‌ನವರೂ ನಾರ್ತಿನವರೂ ಕೂಡಿ ಸಟನ್ ಕೋಲ್ಡ್‌ಫೀಲ್ಡಿನ ಒಂದು ಹಾಲ್‌ನಲ್ಲಿ ಹಬ್ಬ ಮಾಡಿದ್ದೆವು. ಬಾಗಿಲಲ್ಲಿ ಬೇವುಬೆಲ್ಲದ ಬಟ್ಟಲು, ಗೋಡೆಯ ಮೇಲೆ ಯಾರಿಗೆ ಯಾವ ಕೆಲಸ ಎಂಬ ಅಡುಗೆಮನೆಯ ರೋಟಾ, ಸ್ಟೇಜಿನ ಮೇಲೆ ಕಿರ್‌ಗುಟ್ಟುವ ಮೈಕು. ನನ್ನ ಗಂಡನಿಗೆ ಬಡಿಸುವ ರೋಟಾ ಬಿದ್ದಿತ್ತು, ಅವರು ಒಳಗೆ ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಇದ್ದರು. ನಾನು ಮೊದಲ ಸಾಲಿನಲ್ಲಿ ಕೂತೆ. ಪುಟ್ಟ ಮಕ್ಕಳ ಕುಣಿತವಾಯಿತು, ಯಾರದೋ ಕೀಬೋರ್ಡ್ ಆಯಿತು. ಆಮೇಲೆ ನನ್ನ ಮಗಳು ಕುರ್ತಾದ ಮೇಲೆ ಕಾಕುವಿನ ಏಪ್ರನ್ ಕಟ್ಟಿಕೊಂಡು ಬಂದಳು. ಒಂದು ಮೇಜು, ಅದರ ಮೇಲೆ ಎರಡು ಪಾತ್ರೆ.

“ಎಲ್ಲರಿಗೂ ನಮಸ್ಕಾರ,” ಎಂದಳು. “ಇದು ಕಣಕ. ಇದು ಹೂರಣ. ಕಣಕ ಅಂದ್ರೆ ನೆಲ. ಹೂರಣ ಅಂದ್ರೆ ನೆಲದ ಅಡಿಯಲ್ಲಿ ಬಿಸಿ ಕಲ್ಲು ಉಂಟಲ್ಲ, ಅದು.”

ಜನ ನಕ್ಕರು. ನಾನು ನಗಲಿಲ್ಲ, ಅವಳ ಒಂದೊಂದು ಮಾತನ್ನೂ ಹೆಕ್ಕಿಕೊಳ್ಳುತ್ತಿದ್ದೆ. ಅವಳ ಕನ್ನಡದಲ್ಲಿ ‘ಉಂಟು’ ನನ್ನದು, ‘ಭಾಳ’ ಕಾಕುವಿನದು. ಎರಡನ್ನೂ ಸೇರಿಸಿ ಯಾವ ಜಿಲ್ಲೆಯಲ್ಲೂ ಇಲ್ಲದ ಒಂದು ಭಾಷೆ ಮಾಡಿಕೊಂಡಿದ್ದಳು. ಎಣ್ಣೆಯಲ್ಲಿ ನೆನೆದ ಕಣಕದ ಉಂಡೆ ತೆಗೆದು ಒಳಗೆ ಹೂರಣ ತುಂಬಿದಳು. ಎರಡೂ ಕೈಯಲ್ಲಿ ಹಿಡಿದು ಎಳೆಯತೊಡಗಿದಳು.

“ನೆಲ ಒಂದೇ ಸಲ ಮುರಿಯೂದಿಲ್ಲ. ಭಾಳ ನಿಧಾನ ಹಿಗ್ತದೆ. ಹಿಗ್ಗಿದ ಹಾಗೆ ತೆಳ್ಳಗೆ ಆಗ್ತದೆ. ತೆಳ್ಳಗೆ ಆದದ್ದು ಕೆಳಗೆ ಕೂರ್ತದೆ. ಅಲ್ಲಿಗೆ ನೀರು ಬರ್ತದೆ. ನೋಡಿ, ಒಳಗಿನ ಹೂರಣ ಕಾಣ್ತಾ ಉಂಟು, ಆದ್ರೂ ಹರೀಲಿಲ್ಲ.” ತಲೆ ಎತ್ತಿ ನಮ್ಮನ್ನು ನೋಡಿದಳು. “ನಮ್ಮ ಮನೆ ಇರೂದು ಸ್ಟಾಕ್‌ಪೋರ್ಟಲ್ಲಿ. ಅಲ್ಲಿಯೂ ನೆಲ ಹೀಗೇ ಹಿಗ್ಗಿ ಕೆಳಗೆ ಕೂತಿತ್ತು. ಆದ್ರೆ ಹರೀಲಿಲ್ಲ. ಅದಕ್ಕೇ ನಾವು ಬಸ್ಸಲ್ಲಿ ಹೋಗೂದು, ದೋಣಿಯಲ್ಲಿ ಅಲ್ಲ.”

ಹಾಲ್ ಪೂರ್ತಿ ನಕ್ಕಿತು. ಅದು ನಾನು ಅವಳಿಗೆ ಎಂದೋ ಚಿಕ್ಕವಳಿದ್ದಾಗ ಹೇಳಿದ್ದ ವಿಷಯ. ಸ್ಟಾಕ್‌ಪೋರ್ಟಿನ ಕೆಂಪು ಮರಳುಗಲ್ಲಿನ ಗೋಡೆ ತೋರಿಸಿ, ಇಲ್ಲೊಂದು ಕಡಲು ಹುಟ್ಟಲು ಹೊರಟು ಅರ್ಧಕ್ಕೆ ಬಿಟ್ಟಿತು ಎಂದಿದ್ದೆ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಳು. ಅಲ್ಲಿಗೆ ನಾನು ಸುಮ್ಮನೆ ಕೂತು ಕಣ್ಣೊರೆಸಿಕೊಂಡಿದ್ದರೆ ಆಗುತ್ತಿತ್ತು.

“ನನ್ನ ಅಜ್ಜಿಯ ಊರಿನ ಸಮುದ್ರವೂ ಹೀಗೇ ಆದದ್ದು,” ಎಂದಳು. “ಮಡಗಾಸ್ಕರ್ ಮತ್ತೆ ಅಜ್ಜಿಯ ಊರು ಮೊದಲು ಒಟ್ಟಿಗೆ ಇದ್ದವು. ನಿಧಾನ ಹಿಗ್ಗಿ, ಹಿಗ್ಗಿ…”

“ಹಾಗಾದರೆ ನನ್ನದೊಂದು ಪ್ರಶ್ನೆ,” ಎಂದು ನಾನು ಎದ್ದು ನಿಂತೆ.

ಏಕೆ ಎದ್ದೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಸಂತೋಷಕ್ಕೇ ಎದ್ದೆ. ಅವಳು ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೇ ಎದ್ದೆ. ಮಲ್ಪೆಯ ಎದುರಿನ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳಿವೆಯಲ್ಲ, ಅವು ಎಲ್ಲಿಂದ ಬಂದವು ಎಂದು ಕೇಳಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಉತ್ತರವನ್ನೂ ಕೊಟ್ಟೆ. ದಂಡೆಗಳಲ್ಲಿ ಎರಡು ಬಗೆ, ಕೆಲವು ತಣ್ಣಗೆ ಹಿಗ್ಗಿ ಹಿಗ್ಗಿ ಕೊನೆಗೆ ಹರಿಯುತ್ತವೆ, ಕೆಲವು ಅಡಿಯಿಂದ ಬೆಂಕಿಯೇ ಎದ್ದು ಬಂದು ಲಾವಾ ಸುರಿದು ಒಡೆಯುತ್ತವೆ. ನಮ್ಮ ಕರಾವಳಿ ಎರಡನೆಯ ಬಗೆಯದು, ಆ ಕಂಬದ ಕಲ್ಲುಗಳು ಆ ಬೆಂಕಿಯ ಗುರುತು, ಅವುಗಳ ಒಡಹುಟ್ಟಿದ ಕಲ್ಲುಗಳು ಇವತ್ತಿಗೂ ಮಡಗಾಸ್ಕರಿನಲ್ಲಿವೆ, ಆದ್ದರಿಂದ ಎಲ್ಲ ಕಡಲೂ ಹೋಳಿಗೆಯ ಹಾಗೆ ಎಂದರೆ ತಪ್ಪಾಗುತ್ತದೆ. ಇಷ್ಟನ್ನೂ ಸಭೆಗೆ ಮುಖ ಮಾಡಿ ಹೇಳಿದೆ. ಅವಳ ಕಡೆಗೆ ಬೆನ್ನಿತ್ತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ನನ್ನದಕ್ಕೆ ಕಣ್ಣೂ ಇಲ್ಲ.

ಹೇಳಿ ಮುಗಿಸಿ ತಿರುಗಿದೆ, ಅವಳ ಪ್ರತಿವಾದಕ್ಕೆ ಕಾಯುತ್ತ, ಅಪ್ಪನಂತೆ ನಗುತ್ತ. ಅವಳು ಎರಡೂ ಕೈ ಚಾಚಿಕೊಂಡು ಹಾಗೇ ನಿಂತಿದ್ದಳು. ನಡುವೆ ಕಣಕ ಜೋತುಬಿದ್ದಿತ್ತು. ನಾವೆಲ್ಲ ನೋಡುತ್ತಿದ್ದಂತೆ ಅದು ತನ್ನ ಭಾರಕ್ಕೆ ತಾನೇ ಹರಿದು, ಹೂರಣ ಮೇಜಿನ ಮೇಲೆ ಬಿತ್ತು.

“ಓಕೆ. ಸಾರಿ,” ಎಂದಳು ನನ್ನ ಮಗಳು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಒಂದೆರಡು ವಾಕ್ಯಕ್ಕೆ ಮುಗಿಸಿ ಇಳಿದುಹೋದಳು.

ಚಪ್ಪಾಳೆ ಬಿತ್ತು. ಬರ್ಮಿಂಗ್‌ಹ್ಯಾಮಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, “ಎಂಥಾ ನಾಲೆಡ್ಜ್ ಮೇಡಂ ನಿಮ್ಮದು, ಮುಂದಿನ ಸಲ ನೀವೇ ಒಂದು ಲೆಕ್ಚರ್ ಕೊಡ್ಬೇಕು,” ಎಂದರು. ನಾನು ಹಲ್ಲು ಕಿರಿದೆ. ಕಾಕು ಸ್ಟೇಜಿನ ಮೇಲೆ ಮೇಜು ಒರೆಸುತ್ತಿದ್ದರು. ಹತ್ತಿರ ಹೋದಾಗ ಅವರು ನನ್ನ ಮುಖ ನೋಡದೆ, “ಕೂಸು ಕೈಯಾಗ ಕಣಕ ಹಿಡಕೊಂಡು ನಿಂತಿತ್ತವ್ವಾ,” ಎಂದರು. ಆಗ ನನಗೆ ನಾಚಿಕೆ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಊಟದ ಹೊತ್ತಿನಲ್ಲಿ ನನ್ನ ಎಲೆಗೆ ಬಿದ್ದ ಹೋಳಿಗೆ ತಿನ್ನಲು ಆಗಲಿಲ್ಲ. ವಾಪಸು ಬರುವಾಗ ಎಂ ಸಿಕ್ಸ್ ಉದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಉಗುರಿನ ಸಂದಿಯ ಹೂರಣ ಕೆದಕಿ ತೆಗೆಯುತ್ತಿದ್ದಳು. ಒಳಗೆ ಬಡಿಸುತ್ತಿದ್ದ ನನ್ನ ಗಂಡನಿಗೆ ನಡೆದದ್ದು ಗೊತ್ತೇ ಇರಲಿಲ್ಲ. ಒಬ್ಬಟ್ಟು ಚೆನ್ನಾಗಿತ್ತು ಎಂದರು. ಯಾರೂ ಮಾತಾಡದ್ದು ನೋಡಿ ರೇಡಿಯೋ ಹಾಕಿದರು.

ಮರುದಿನ ಬೆಳಿಗ್ಗೆ ಅವಳ ಕೋಣೆಗೆ ಹೋದೆ. “ಮಗಾ, ನಿನ್ನೆ ನಾನು ಮಾಡಿದ್ದು ಸರಿಯಾಗಲಿಲ್ಲ,” ಎಂದೆ. “ಇಟ್ಸ್ ಫೈನ್,” ಎಂದಳು. ಅಷ್ಟಕ್ಕೆ ಎದ್ದು ಬರಬೇಕಿತ್ತು. ಬರಲಿಲ್ಲ. ಅಜ್ಜ ಹೇಗಿದ್ದರು, ತಾಳಮದ್ದಳೆ ಎಂದರೇನು, ನಮ್ಮ ಕಡೆ ಎದುರು ಮಾತಾಡುವುದು ಹೇಗೆ ಮರ್ಯಾದೆ, ಎಲ್ಲ ಹೇಳಿದೆ. ಕ್ಷಮೆ ಕೇಳಲು ಹೋದವಳು ಅರ್ಥ ಹೇಳಲು ಕೂತೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು: ನಾನು ವಾದ ಮಾಡುತ್ತಿರಲಿಲ್ಲ ಅಮ್ಮ, ನಿನಗೆ ತೋರಿಸುತ್ತಿದ್ದೆ.

ಅಲ್ಲಿಂದ ಮುಂದೆ ಬಿಡಿ ಮಾತುಗಳೂ ನಿಂತವು. ‘ಎಂತ’ ಹೋಯಿತು, ‘ಸಾಕು’ ಹೋಗಿ ‘ಎನಫ್’ ಬಂತು. ಸಿಟ್ಟಿನಿಂದಲ್ಲ, ಒರಟಾಗಿಯೂ ಅಲ್ಲ. ಜಾರುವ ಕಡೆ ಒಮ್ಮೆ ಬಿದ್ದವರು ಮತ್ತೆ ಆ ದಾರಿ ಹಿಡಿಯುವುದಿಲ್ಲವಲ್ಲ, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಇಷ್ಟು ವರ್ಷಕ್ಕೆ ಅವಳು ಒಂದು ಸಲ ನನ್ನ ಭಾಷೆಗೆ ಬಂದಿದ್ದಳು, ನಾನು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಿದ್ದೆ. ಇನ್ನೊಮ್ಮೆ ಬರುತ್ತಾಳೋ ಇಲ್ಲವೋ ಎಂಬುದೊಂದೇ ನನಗೆ ಆಗ ಬೇಕಾಗಿದ್ದದ್ದು.

ಒಂದು ಭಾನುವಾರ ಒಗೆದ ಬಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಕೋಣೆಯೊಳಗಿಂದ ಅವಳ ದನಿ: “ಊಟ ಆಯ್ತಾ ಅಜ್ಜಿ? ಎಂತ ಪದಾರ್ಥ?” ಊರಿನಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಳು, ನಿಧಾನಕ್ಕೆ, ಹುಡುಕಿ ಹುಡುಕಿ, ನಗುನಗುತ್ತ. ನಾನು ಅಲ್ಲೇ ನಿಂತೆ. ಮೆಟ್ಟಿಲು ಕಿರ್ ಎಂದಿತು. ಒಡನೆ ಅವಳು ಇಂಗ್ಲಿಷಿಗೆ ಹೊರಳಿದಳು. ಆ ಕಡೆ ಅಮ್ಮ, “ಹಾಂ? ಎಂತ ಹೇಳಿದೆ? ಕೇಳುದಿಲ್ಲ ಮಾರಾಯ್ತಿ,” ಎಂದು ಕೂಗುವುದು ನನಗೆ ಹೊರಗೇ ಕೇಳಿಸಿತು. ಬಟ್ಟೆಯ ಬುಟ್ಟಿ ಅಲ್ಲೇ ಇಟ್ಟು ಕೆಳಗಿಳಿದು ಬಂದೆ. ನನ್ನ ಮನೆಯಲ್ಲಿ ನಾನೇ ಕದ್ದು ಕೇಳುವವಳಾಗಿದ್ದೆ.

ಆಫೀಸಿನಲ್ಲಿ ಆ ದಿನಗಳಲ್ಲಿ ನನ್ನ ಮುಂದೆ ಇದ್ದದ್ದು ತಣ್ಣಗೆ ಹಿಗ್ಗಿದ ಒಂದು ದಂಡೆಯ ಚಿತ್ರ. ಮೇಲಿನ ಗಟ್ಟಿ ನೆಲ ತುಂಡು ತುಂಡಾಗಿ, ನಮ್ಮೂರ ಮಾಡಿನ ಹಂಚುಗಳ ಹಾಗೆ ಒಂದರ ಮೇಲೊಂದು ವಾಲಿಕೊಂಡಿತ್ತು. ಅದರ ಆಚೆ ಎಳೆದೆಳೆದು ಹಾಳೆಯಷ್ಟಾದ ನೆಲ. ಇದು ಇನ್ನೂ ಭೂಖಂಡವೇ, ಅಲ್ಲ ಎನ್ನಲು ಪುರಾವೆ ಎಲ್ಲಿದೆ ಎಂದು ಮೊದಲಾದರೆ ಮೀಟಿಂಗಿನಲ್ಲಿ ಮೇಜು ಕುಟ್ಟುತ್ತಿದ್ದೆ. ಈ ಸಲ ಜೊತೆಯವರು ಹೇಳಿದ ಕಡೆಯೇ ಚುಕ್ಕೆಗೆರೆ ಹಾಕಿದೆ. ಹುಷಾರಿಲ್ಲವೇ ಎಂದು ಕೇಳಿದರು.

ಬೇಸಿಗೆಯ ಹೊತ್ತಿಗೆ ಕಾಕುವಿನ ಫೋನು ಬಂತು. ಹಡರ್ಸ್‌ಫೀಲ್ಡಿನಲ್ಲಿ ಅವರ ಗುಂಪಿನದೊಂದು ಮಧ್ಯಾಹ್ನದ ಕೂಟ. ಅಲ್ಲಿ ಹುಡುಗಿ ಅದೇ ಮಾತು ಮತ್ತೆ ಆಡಬೇಕು, ಕಣಕ ತಾವು ನೆನೆಹಾಕುತ್ತೇವೆ. ಅವಳು ಒಪ್ಪುವುದಿಲ್ಲ ಎಂದುಕೊಂಡೆ. ಒಪ್ಪಿದಳು. ಆದರೆ ನನಗೆ ಒಂದು ಕರಾರು: ಕಾರಿನಲ್ಲಿ ಬಿಡಬಹುದು, ಒಳಗೆ ಬರಕೂಡದು. ಆಗಲಿ ಎಂದೆ. ಒಂದೇ ಒಂದು ಮಾತೂ ಎದುರಾಡಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಕೂಟವಿದ್ದ ಚರ್ಚಿನ ಹಾಲ್‌ನ ಹಿಂದೆ ಕಾರು ನಿಲ್ಲಿಸಿ ಕೂತೆ. ತುಂತುರು ಮಳೆ. ಹಾಲ್‌ನ ಬಾಗಿಲಿಗೆ ಕುರ್ಚಿ ಕೊಟ್ಟು ತೆರೆದಿಟ್ಟಿದ್ದರು; ಮೈಕಿನ ಸದ್ದು ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕಿಟಕಿ ಇಳಿಸಿದರೆ ಕೇಳಿಸುತ್ತಿತ್ತೇನೋ. ಇಳಿಸಿದೆ. ಕೊಟ್ಟ ಮಾತಿಗೆ ಇದೂ ಮೋಸವೇ ಅನ್ನಿಸಿ ಮತ್ತೆ ಏರಿಸಿದೆ. ಪಕ್ಕದಲ್ಲಿ ಕಾರು ನಿಲ್ಲಿಸಿದ ಪರಿಚಯದ ಒಬ್ಬರು ಒಳಗೆ ಬರುವುದಿಲ್ಲವೇ ಎಂದು ಗಾಜು ತಟ್ಟಿ ಕೇಳಿದರು. ಆಫೀಸಿನ ಫೋನು ಬರಬೇಕಿದೆ ಎಂದು ಸುಳ್ಳು ಹೇಳಿ, ಫೋನನ್ನು ಕಿವಿಗೆ ಹಿಡಿದುಕೊಂಡೆ. ಒಳಗಿನಿಂದ ನಗು ಕೇಳಿಸಿತು. ದೋಣಿಯ ಮಾತಿಗೆ ಇರಬೇಕು.

ಆಮೇಲೆ ಕಾಕು ತಲೆಯ ಮೇಲೆ ಸೆರಗು ಎಳೆದುಕೊಂಡು, ಫಾಯಿಲ್‌ನಲ್ಲಿ ಸುತ್ತಿದ ಹೋಳಿಗೆ ಹಿಡಿದುಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು.

“ಭಾಳ ಛಂದ ಮಾತಾಡಿದ್ಲು ನೋಡವ್ವಾ ನಿನ್ನ ಮಗಳು. ಆ ನಿನ್ನ ಬೆಂಕಿ ವಿಚಾರಾನೂ ಹೇಳಿದ್ಲು, ಕಂಬದ ಕಲ್ಲು, ಅದು ಇದು. ಇದು ನಮ್ಮಮ್ಮ ಹೇಳಿಕೊಟ್ಟದ್ದು ಅಂತ ನಿನ್ನ ಹೆಸರ್ಲೆನ ಹೇಳಿದ್ಲು.”

ತುಪ್ಪದ ಪರಿಮಳ ಕಾರು ತುಂಬಿತು.

“ಅದಕ್ಕಿಂತ ಮದಲ ಒಂದು ಕಡೆ ಅಷ್ಟ ತಡದ್ಲು,” ಎಂದರು ಕಾಕು. “ಮಡಗಾಸ್ಕರ್ ಅಂತ ಅಂದಾಕಿನ ಗಪ್ಪ್ ನಿಂತ್ಲು. ಕಣಕ ಕೈಯಾಗ ಹಾಂಗ ಹಿಡಕೊಂಡು, ಮುಂದಿನ ಸಾಲಿನ ಕಡೆ ನೋಡಕೋತ. ಮರತಳೇನೋ ಅಂತ ನನಗ ಎದಿ ಧಸಕ್ ಅಂತು. ಆಮ್ಯಾಲೆ ತಾನ ಮುಂದುವರಸಿದ್ಲು.”

ಅವಳು ಮರೆತಿರಲಿಲ್ಲ. ಯಾವ ಜಾಗದಲ್ಲಿ ನಿಂತಳು, ಏಕೆ ನಿಂತಳು ಎಂದು ನನಗೆ ಗೊತ್ತಾಯಿತು. ನಾನು ಮಾತು ಕಡಿದ ಜಾಗದಲ್ಲಿ ಅವಳು ಈಗ ತಾನಾಗಿಯೇ ನಿಲ್ಲುತ್ತಾಳೆ, ನಾನು ಇಲ್ಲದಿದ್ದರೂ ನಿಲ್ಲುತ್ತಾಳೆ ಎಂದುಕೊಂಡೆ. ಕಾಕುವಿನ ಮುಂದೆಯೇ ಅಳು ಬಂತು. ಅವರು ನನ್ನ ಬೆನ್ನು ಸವರಿ, ಹೋಳಿಗೆ ಬಿಸಿ ಇದ್ದಾಗಲೇ ತಿನ್ನಬೇಕು ಎಂದು ಹೇಳಿ ಇಳಿದುಹೋದರು.

ಮಗಳು ಬಂದು ಮುಂದಿನ ಸೀಟಿನಲ್ಲಿ ಕೂತಳು. “ಚೆನ್ನಾಗಿ ಆಯಿತಂತೆ, ಕಾಕು ಹೇಳಿದರು,” ಎಂದೆ. “ಯಾ, ಇಟ್ ವಾಸ್ ಓಕೆ,” ಎಂದಳು. ಎಂ ಸಿಕ್ಸ್‌ಟಿಟೂ ಹತ್ತಿದೆವು. ಗುಡ್ಡದ ಮೇಲೆ ಮೋಡ ಇಳಿದು ಮುಂದಿನ ಲಾರಿಯ ದೀಪ ಮಾತ್ರ ಕಾಣುತ್ತಿತ್ತು. ಅವಳು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ನನಗೆ ಕೇಳಲು ಬೇಕಾದಷ್ಟು ಇತ್ತು, ಒಂದನ್ನೂ ಕೇಳಲಿಲ್ಲ. ವೈಪರ್ ಆಡುತ್ತಿತ್ತು.

“ಅಮ್ಮ.”

“ಹ್ಞಾಂ.”

“ನೀನು ಒಳಗೆ ಬರ್ತಿ ಅಂತ ಎಣಿಸಿದ್ದೆ.”

ಕನ್ನಡದಲ್ಲಿ ಹೇಳಿದಳು. ನನ್ನ ಊರಿನ ಕನ್ನಡದಲ್ಲಿ, ನನ್ನ ಅಮ್ಮ ಹೇಳುವ ಹಾಗೆಯೇ. ಮುಂದಿನ ಸಾಲಿನಲ್ಲಿ ಅವಳು ಹುಡುಕಿದ್ದು ನನ್ನನ್ನು. ಬರಬೇಡ ಎಂದವಳು ನೀನೇ ಅಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನೂರಕ್ಕೆ ನೂರು ಸರಿಯಾದ ಮಾತು. ಅಪ್ಪ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ಅದನ್ನು ನುಂಗಿದೆ.

“ಬರಬೇಕಿತ್ತು ಮಗಾ,” ಎಂದೆ.

ಅವಳು ಫಾಯಿಲ್ ಬಿಚ್ಚಿ ಹೋಳಿಗೆಯನ್ನು ಎರಡು ಮಾಡಿ, ನನ್ನ ಪಾಲನ್ನು ಗೇರ್ ಲಿವರಿನ ಪಕ್ಕದಲ್ಲಿ ಇಟ್ಟಳು.